ಗೆಡ್ಡೆ ಕೇಳಲು ಬಂದವಳು

ಹಾಸಿಗೆಯ ಬಟ್ಟೆ ಸವೆಯುವುದು ಯಾವಾಗಲೂ ನಡುವಿನಲ್ಲೇ. ಮಲಗಿದವರ ಬೆನ್ನು, ಸೊಂಟ, ಹಿಮ್ಮಡಿ ಬೀಳುವ ಜಾಗ ತೆಳ್ಳಗಾಗಿ ಬೆಳಕು ಕಾಣುತ್ತದೆ, ಅಂಚು ಮಾತ್ರ ಹೊಸದರ ಹಾಗೇ ಗಟ್ಟಿಯಾಗಿರುತ್ತದೆ. ಅದನ್ನು ನಟ್ಟನಡುವೆ ಉದ್ದಕ್ಕೆ ಸೀಳಿ, ಹೊರಗಿನ ಎರಡು ಅಂಚನ್ನು ಒಳಕ್ಕೆ ತಂದು ಜೋಡಿಸಿ ಹೊಲಿದರೆ ಇನ್ನೊಂದು ವರ್ಷ ಬಾಳುತ್ತದೆ. ಆಸ್ಪತ್ರೆಯ ಬಟ್ಟೆಕೋಣೆಯಲ್ಲಿ ಅವಳ ಕೆಲಸ ಇದು. ಕತ್ತರಿಯಿಂದ ಒಂದು ಗುರುತು ಹಾಕಿ ಎರಡೂ ಕೈಯಲ್ಲಿ ಹಿಡಿದು ಎಳೆದರೆ ಬಟ್ಟೆ ನೂಲಿನ ಗುಂಟ ನೆಟ್ಟಗೆ ಹರಿಯಬೇಕು. ಇವತ್ತು ಅಡ್ಡಡ್ಡ ಹರಿಯಿತು. ಎರಡನೆಯದೂ ಅಡ್ಡಡ್ಡ. ಮೂರನೆಯದಕ್ಕೆ ಕೈಹಾಕಿದಾಗ ಇಸ್ತ್ರಿಮೇಜಿನ ಆಚೆಯಿಂದ ಮುದುಕ ಇಸ್ತ್ರಿಯವನು, "ಯಾರ ಮೇಲಿನ ಸಿಟ್ಟಮ್ಮ ಅದು? ಪಾಪ, ಆ ಬಟ್ಟೆ ಏನು ಮಾಡಿತ್ತು ನಿಮಗೆ?" ಎಂದು ನಕ್ಕ. "ನಿಮ್ಮ ಕೆಲಸ ನೀವು ನೋಡ್ಕೊಳ್ಳಿ. ನೀವು ಸುಟ್ಟಿರೋ ದಿಂಬಿನ ಚೀಲ ನಾನು ಎಷ್ಟು ಸಲ ಬಚ್ಚಿಟ್ಟಿಲ್ಲ?" ಎಂದುಬಿಟ್ಟಳು. ಮುದುಕನ ನಗು ಅಲ್ಲೇ ನಿಂತಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು ಎಂದು ಅವಳಿಗೆ ಗೊತ್ತಾಯಿತು. ಅರ್ಧ ದಿನ ರಜೆ ಬರೆದುಕೊಟ್ಟು, ಹರಿದದ್ದನ್ನೆಲ್ಲ ಒರೆಸುಬಟ್ಟೆಯ ಬುಟ್ಟಿಗೆ ತುರುಕಿ, ಅವನ ಮುಖ ನೋಡದೆ ಹೊರಗೆ ಬಂದಳು.

ಮಗಳ ಫೋನು ಬಂದದ್ದು ಬೆಳಿಗ್ಗೆ, ಅವಳಿನ್ನೂ ಚೀಲವನ್ನು ಮೊಳೆಗೆ ನೇತುಹಾಕುತ್ತಿದ್ದಾಗ. "ಅಮ್ಮಾ, ಸಿಟ್ಟು ಮಾಡ್ಕೋಬೇಡ" ಎಂದೇ ಶುರು. ಲೋಕದಲ್ಲಿ ಸಿಟ್ಟು ಬರಿಸುವ ಮಾತು ಒಂದಿದ್ದರೆ ಅದು ಇದೇ. "ಇವತ್ತು ಮಧ್ಯಾಹ್ನ ಚಿಕ್ಕಮ್ಮ ಮನೆಗೆ ಬರ್ತಾರಂತೆ." ಚಿಕ್ಕಮ್ಮ! "ಯಾವ ಚಿಕ್ಕಮ್ಮನೇ? ನನಗೊಬ್ಬಳು ತಂಗಿ ಹುಟ್ಟಿದ್ದು ನನಗೇ ಗೊತ್ತಿಲ್ವಲ್ಲ?" ಎಂದಳು. ಮಗಳು ಉಸಿರೆಳೆದುಕೊಂಡು ಒಂದೇ ಸಮನೆ ಹೇಳಿದಳು, ಕಂಠಪಾಠ ಮಾಡಿಕೊಂಡವಳ ಹಾಗೆ. ಅಪ್ಪನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ ಮೂರನೇ ಮಹಡಿಯ ಆ ಪುಟ್ಟ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂತೇ ಇರುತ್ತಾರೆ. ಹೋದ ತಿಂಗಳು ತಾನು ಫೋನಿನಲ್ಲಿ ಫೋಟೋ ತೋರಿಸುವಾಗ ಹಿತ್ತಲಿನ ಬೆಂಕಿಪೊಟ್ಟಣ ಡೇಲಿಯಾ ಕಂಡುಬಿಟ್ಟಿತು. ಅದಿನ್ನೂ ಇದೆಯಾ ಎಂದು ಕೇಳಿದರು, ಇದೆ ಎಂದದ್ದೇ ತಡ, ಅವತ್ತಿನಿಂದ ಒಂದೇ ಜಪ. ಒಂದು ಗೆಡ್ಡೆ ಬೇಕಂತೆ. ಕುಂಡದಲ್ಲಿ ಹಾಕಿಸ್ತಾರಂತೆ. "ನಿನ್ನನ್ನ ಕೇಳೋ ಧೈರ್ಯ ನನಗಿಲ್ಲಮ್ಮ. ಚಿಕ್ಕಮ್ಮನೇ ಹೋಗ್ತೀನಿ ಅಂದ್ರು. ಅಪ್ಪ ಏನಂದ್ರು ಗೊತ್ತಾ? ಕೇಳಿದ್ರೆ ಅವಳು ಇಲ್ಲ ಅನ್ನೋಳಲ್ಲ ಅಂದ್ರು." ಅದನ್ನು ಹೊಗಳಿಕೆ ಎಂದು ತಿಳಿದು, ಸಕ್ಕರೆ ಕೊಡುವ ಹಾಗೆ ಕೊನೆಗೆ ಇಟ್ಟುಕೊಂಡಿದ್ದಳು ಹುಡುಗಿ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಇಲ್ಲ ಅನ್ನೋಳಲ್ಲ. ಇಪ್ಪತ್ತು ವರ್ಷದ ಮೇಲೆ, ಒಂದು ಸಲವೂ ಬಾಗಿಲು ತಟ್ಟದವನು, ಇನ್ನೊಬ್ಬಳ ಕುರ್ಚಿಯಲ್ಲಿ ಕೂತು, ಇವಳೊಳಗೆ ಏನಿದೆ ಏನಿಲ್ಲ ಎಂದು ತೀರ್ಪು ಕೊಡುತ್ತಾನೆ. ಅವನು ಕೇಳುತ್ತಿರುವುದು ಗೆಡ್ಡೆಯನ್ನಲ್ಲ ಎಂದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು. ಒಂದು ಗೆಡ್ಡೆ ಕಾಗದದಲ್ಲಿ ಸುತ್ತಿ ಕೈಗೆ ಕೊಟ್ಟರೆ ಹಳೆಯದೆಲ್ಲ ಹೊಟ್ಟೆಗೆ ಹಾಕಿಕೊಂಡ ಹಾಗೆ. ನಾಳೆಯಿಂದ ಅವನು ನೆಮ್ಮದಿಯಿಂದ ಬಾಲ್ಕನಿಯಲ್ಲಿ ಕೂತು, ಬಂದವರಿಗೆಲ್ಲ, ನೋಡಿ, ನನ್ನ ಮೊದಲನೆಯವಳು ಕಳಿಸಿದ್ದು, ಅವಳ ಮನಸ್ಸಿನಲ್ಲಿ ಏನೂ ಇಲ್ಲ ಎಂದು ತೋರಿಸಬಹುದು. ಮನಸ್ಸಿನಲ್ಲಿ ಏನೂ ಇಲ್ಲವಂತೆ! ಅವನು ಹೋದಾಗ ಅವಳಿಗೆಂದು ಉಳಿದದ್ದು ಎರಡೇ: ಹಿತ್ತಲಿನ ಈ ಡೇಲಿಯಾ, ಮತ್ತು ಈ ಸಿಟ್ಟು. ಎರಡನ್ನೂ ಕೊಳೆಯಲು ಬಿಡದೆ ವರ್ಷ ವರ್ಷ ಕಾಪಾಡಿಕೊಂಡು ಬಂದಿದ್ದಳು. ಮಗಳನ್ನು ಹಂಚಿಕೊಂಡದ್ದಾಯಿತು, ಹೆಸರಿನ ಮುಂದಿನ ಅವನ ಹೆಸರನ್ನು ಬಿಟ್ಟದ್ದಾಯಿತು. ಇದನ್ನೂ ಕೊಡಬೇಕೇ ಎನ್ನುವುದೇ ಇವತ್ತಿನ ಪ್ರಶ್ನೆಯಾಗಿತ್ತು.

ಮನೆಗೆ ಹೋಗಲು ಬಸ್ ನಿಲ್ದಾಣವನ್ನು ಹಾದೇ ಹೋಗಬೇಕು. ಈಗ ಅಲ್ಲಿ ಧ್ವನಿವರ್ಧಕದಲ್ಲಿ ಬರುವುದು ಯಂತ್ರದ ದನಿ, ಎಲ್ಲ ಊರಿನ ಹೆಸರನ್ನೂ ಒಂದೇ ಸಪ್ಪೆ ರಾಗದಲ್ಲಿ ಹೇಳುತ್ತದೆ. ಆಗ ಬರುತ್ತಿದ್ದುದು ಹೆಂಗಸಿನ ದನಿ. ಪ್ರಯಾಣಿಕರ ಗಮನಕ್ಕೆ ಎಂದು ಶುರುವಾದರೆ ಕಡಲೆಕಾಯಿಯವನೂ ಒಂದು ಗಳಿಗೆ ಕೈ ನಿಲ್ಲಿಸುತ್ತಿದ್ದ. ಅವಳ ಗಂಡ ಆಗ ಬಸ್ಸುಗಳ ಚೆಕಿಂಗ್ ಇನ್‌ಸ್ಪೆಕ್ಟರ್. ಮನೆಯಲ್ಲೂ ಹೆಂಡತಿ ಮಗಳನ್ನು ಟಿಕೆಟ್ಟಿಲ್ಲದೆ ಹತ್ತಿದವರ ಹಾಗೇ ನೋಡುತ್ತಿದ್ದವನು. ಅಂಥವನು ಪ್ರಕಟಣೆ ಮಾಡುವ ಗಾಜಿನ ಗೂಡಿನೊಳಗಿನ ಆ ದನಿಗೆ ಸೋತದ್ದು ಎಲ್ಲರಿಗೂ ಗೊತ್ತಾಗಿ, ಎಲ್ಲರಿಗಿಂತ ಕೊನೆಗೆ ಅವಳಿಗೆ ಗೊತ್ತಾಯಿತು. ಅವಳು ಬಾಯಿಬಿಟ್ಟು ಆ ಹೆಂಗಸಿನ ಹೆಸರು ಹೇಳಿದವಳಲ್ಲ. ಮೈಕು ಎಂದಳು, ಇವತ್ತಿಗೂ ಮನಸ್ಸಿನಲ್ಲಿ ಮೈಕೇ. ಅವನು ಬಿಟ್ಟುಹೋದ ಮೇಲೂ ಆಸ್ಪತ್ರೆಯ ಬಸ್ಸಿಗೆ ಅವಳು ಅದೇ ನಿಲ್ದಾಣದಲ್ಲಿ ನಿಲ್ಲಬೇಕಾಗಿತ್ತು. ನಿಮ್ಮ ಬಸ್ಸು ಇನ್ನು ಸ್ವಲ್ಪ ಹೊತ್ತಿನಲ್ಲಿ ಹೊರಡಲಿದೆ ಎಂದು ಆ ದನಿ ಮೆತ್ತಗೆ ಹೇಳುತ್ತಿತ್ತು. ಗಂಡನನ್ನು ಕರೆದುಕೊಂಡು ಹೋದವಳು ದಿನಾ ಬೆಳಿಗ್ಗೆ ತನ್ನನ್ನು ಬಸ್ಸು ಹತ್ತಿಸಿ ಕಳಿಸುತ್ತಿದ್ದಳು. ಒಂದು ಸಲ ಹತ್ತದೆ ನಿಂತಳು. ಮುಂದಿನ ಬಸ್ಸಿಗೂ ಅದೇ ದನಿಯೇ ಕರೆಯಿತು. ಅವತ್ತು ನಡೆದುಕೊಂಡೇ ಹೋಗಿ, ತಡವಾಯಿತೆಂದು ಮೇಲ್ವಿಚಾರಕಿಯಿಂದ ಎಲ್ಲರ ಮುಂದೆ ಬೈಸಿಕೊಂಡಿದ್ದಳು. ಆಮೇಲೆ ಕಿವಿಗೆ ಹತ್ತಿ ಇಟ್ಟುಕೊಂಡು ನಿಲ್ಲುವುದನ್ನು ಅಭ್ಯಾಸ ಮಾಡಿಕೊಂಡಳು.

ಮನೆಯ ಬೀಗ ತೆಗೆದು ಸೀರೆಯನ್ನೂ ಬದಲಿಸದೆ ಮಂಚದ ಕೆಳಗಿನ ಪೆಟ್ಟಿಗೆಯನ್ನು ಹೊರಗೆಳೆದಳು. ಮರದ ಹೊಟ್ಟಿನೊಳಗೆ ಚಳಿಗಾಲವನ್ನೆಲ್ಲ ಮಲಗಿ ಕಳೆದ ಡೇಲಿಯಾ ಗೆಡ್ಡೆಯ ಗೊಂಚಲುಗಳು. ಹಿತ್ತಲ ಕಟ್ಟೆಯ ಮೇಲೆ ಗೋಣಿ ಹಾಸಿ ಒಂದೊಂದನ್ನೇ ಎತ್ತಿ ಇಟ್ಟಳು: ಬಿಳಿಯದು, ನೇರಳೆಯದು, ಚೆಂಡಿನಂಥ ಸಣ್ಣ ಹಳದಿಯದು, ಕೊನೆಯಲ್ಲಿ ಬೆಂಕಿಪೊಟ್ಟಣ. ಹೂವು ಕೆಂಡದ ಬಣ್ಣದ್ದು, ಊಟದ ತಟ್ಟೆಯಷ್ಟು ಅಗಲ. ಬಣ್ಣಕ್ಕೇ ಆ ಹೆಸರು ಬಂತು ಎಂದು ಜನ ತಿಳಿಯುತ್ತಾರೆ. ಅಲ್ಲ. ಯಾವುದೋ ತೋಟದಿಂದ ಅವನು ಖಾಲಿ ಬೆಂಕಿಪೊಟ್ಟಣದಲ್ಲಿ ಬೀಜ ತಂದಿದ್ದ. ಡೇಲಿಯಾದ ಬೀಜ ತಾಯಿಯ ಮಾತು ಕೇಳುವುದಿಲ್ಲ, ಒಂದೊಂದು ಬೀಜಕ್ಕೆ ಒಂದೊಂದು ಬಣ್ಣ. ಎದ್ದ ಗಿಡಗಳಲ್ಲಿ ಎಲ್ಲ ಪೀಚಲು, ಇದೊಂದು ಮಾತ್ರ ಹೀಗೆ ಬಂತು, ಇನ್ನು ಯಾರ ಹಿತ್ತಲಲ್ಲೂ ಇಲ್ಲದ ಹೂವು. ಗೆಡ್ಡೆಯಿಂದ ಮಾಡಿದರೆ ಮಾತ್ರ ಇದು ಇದಾಗಿಯೇ ಬರುತ್ತದೆ. ಆಗ ಅವಳಿಗೆ ಅದನ್ನು ಮುಟ್ಟುವ ಅಪ್ಪಣೆಯಿರಲಿಲ್ಲ. ಮದುವೆಯಾದ ಹೊಸದರಲ್ಲಿ ಸಹಾಯ ಮಾಡೋಣವೆಂದು, ಗಿಡ ಎದ್ದ ಮೇಲೆ ಆಸರೆಗೆ ಗೂಟ ಹೊಡೆದಿದ್ದಳು. ಗೂಟವನ್ನು ಮೊದಲೇ ನೆಟ್ಟು ಆಮೇಲೆ ಪಕ್ಕದಲ್ಲಿ ಗೆಡ್ಡೆ ಇಡಬೇಕೆಂದು ಅವಳಿಗೆ ಯಾರು ಹೇಳಿದ್ದರು? ಗೂಟ ನೇರ ಗೆಡ್ಡೆಯೊಳಕ್ಕೇ ಇಳಿದಿತ್ತು. ಅವನು ಬೈಯಲಿಲ್ಲ. ಬೈದಿದ್ದರೆ ಅವತ್ತಿಗೇ ಮುಗಿಯುತ್ತಿತ್ತು. ಮನೆಗೆ ಬಂದ ಪ್ರತಿಯೊಬ್ಬರಿಗೂ ಟೀ ಲೋಟ ಕೈಗೆ ಬರುವ ಹೊತ್ತಿಗೆ, "ನಮ್ಮನೆಯವಳ ಕತೆ ಕೇಳಿದ್ರಾ? ಗೆಡ್ಡೆಗೇ ಗೂಟ ಹೊಡೆದ ಮಹಾತಾಯಿ!" ಎಂದು ಶುರುಮಾಡುತ್ತಿದ್ದ. ಅವಳೂ ತಟ್ಟೆ ಹಿಡಿದುಕೊಂಡು ನಿಂತು ನಗಬೇಕಾಗಿತ್ತು. ನಕ್ಕಳು, ಎಷ್ಟೋ ವರ್ಷ.

ಗೊಂಚಲಿನ ಮಣ್ಣನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬಿಡಿಸುತ್ತ ಕೂತಳು. ಅವನು ಹೋದ ಮೊದಲ ಚಳಿಗಾಲ ಇದೇ ಗೊಂಚಲನ್ನು ಹಾರೆಯಿಂದ ಕುಟ್ಟಿ ಚೂರುಚೂರು ಮಾಡಿ ಹಿತ್ತಲಿನ ಕಸದ ಗುಂಡಿಗೆ ಎಸೆದಿದ್ದಳು. ಅಂಗೈ ಬೊಬ್ಬೆ ಬಂದು ಒಂದು ವಾರ ಹೊಲಿಗೆಯಂತ್ರದ ಚಕ್ರ ಹಿಡಿಯಲಾಗಿರಲಿಲ್ಲ. ಬಿಸಿಲು ಏರಿದ ಮೇಲೆ ಒಂದು ದಿನ ಕಸ ಹಾಕಲು ಹೋದರೆ ಗುಂಡಿಯಲ್ಲಿ ಕೆಂಪು ಚಿಗುರು. ನಾಚಿಕೆಗೆಟ್ಟದ್ದು, ಸಾಯಿಸಿದರೂ ಸಾಯುವುದಿಲ್ಲ ಎಂದು ಬೈದುಕೊಂಡೇ ಕೆದಕಿದಳು. ಕೆಲವು ಚೂರು ಚಿಗುರಿದ್ದವು, ಕೆಲವು ಇಲ್ಲ, ಮತ್ತು ಚಿಗುರದವು ಕೊಳೆತೂ ಇರಲಿಲ್ಲ. ದಪ್ಪಗೆ, ನುಣ್ಣಗೆ, ಕೆಳಗೆ ಬಿಳಿ ಬೇರು ಬಿಟ್ಟುಕೊಂಡು ಹಾಯಾಗಿ ಕೂತಿದ್ದವು. ಒಂದೊಂದನ್ನೇ ಪಕ್ಕ ಪಕ್ಕ ಇಟ್ಟು ನೋಡಿದಾಗ ತಿಳಿಯಿತು. ಆಲೂಗಡ್ಡೆಯ ಹಾಗೆ ಇದಕ್ಕೆ ಮೈತುಂಬ ಕಣ್ಣಿರುವುದಿಲ್ಲ. ಹಳೆಯ ಕಾಂಡಕ್ಕೆ ಗೆಡ್ಡೆ ಅಂಟಿಕೊಂಡಿರುವ ಕೊರಳಿನ ಮೇಲ್ತುದಿಯಲ್ಲಿ ಮಾತ್ರ ಸಾಸಿವೆಯಷ್ಟು ಉಬ್ಬು. ಕತ್ತರಿಸುವಾಗ ಕಾಂಡದ ಆ ಚೂರು ಗೆಡ್ಡೆಯ ಜೊತೆ ಬಂದರೆ ಗಿಡ, ಬರದಿದ್ದರೆ ಏನೂ ಇಲ್ಲ. ನೀರು ಕುಡಿಯುತ್ತದೆ, ಬೇರು ಬಿಡುತ್ತದೆ, ಮಳೆಗಾಲ ಮುಗಿದರೂ ಮಣ್ಣೊಳಗೆ ಕಲ್ಲಿನಂತೆ ಇರುತ್ತದೆ, ಮೊಳಕೆ ಮಾತ್ರ ಎಂದೂ ಬರುವುದಿಲ್ಲ. ಅವನು ಬೆನ್ನು ತಿರುಗಿಸಿ ಕೂತು ಮುಚ್ಚಿಟ್ಟುಕೊಂಡು ಮಾಡುತ್ತಿದ್ದ ದೊಡ್ಡ ವಿದ್ಯೆ ಇಷ್ಟೇ ಆಗಿತ್ತು. ಗುರುವಿಲ್ಲದೆ ಗುಂಡಿಯಿಂದ ಕಲಿತಳು. ಆಮೇಲಿನದೆಲ್ಲ ಅವಳೇ: ಪಕ್ಕದ ಮೊಗ್ಗುಗಳನ್ನು ಚಿವುಟಿ ಒಂದೇ ಮೊಗ್ಗಿಗೆ ಬಲ ಕೊಡುವುದು, ಎಳೆ ಚಿಗುರನ್ನು ಮುರಿದು ಮರಳಿನಲ್ಲಿ ಊರಿ ಬೇರು ಬರಿಸುವುದು, ಗೊಂಚಲಿನಿಂದ ಗೊಂಚಲಿಗೆ ಹೋಗುವಾಗ ಚಾಕುವನ್ನು ಸ್ಪಿರಿಟ್ಟಿನಲ್ಲಿ ಒರೆಸುವುದು. ಆದರೂ ಫಲಪುಷ್ಪ ಪ್ರದರ್ಶನದಲ್ಲಿ ಮೊದಲ ಬಹುಮಾನದ ಬಿಲ್ಲೆ ಅಂಟಿಸುತ್ತ ತೀರ್ಪುಗಾರ, "ನಿಮ್ಮ ಯಜಮಾನರ ಹೂವು ಈ ಸಲವೂ ಚೆನ್ನಾಗಿ ಬಂದಿದೆಯಮ್ಮ" ಎಂದಿದ್ದ. ಬೀದಿಯ ಹೆಂಗಸರದು ಇನ್ನೂ ಒಂದು ಕೈ ಮೇಲು. ಪಾಪ, ಇನ್ನೂ ಅವನ ಗಿಡಕ್ಕೆ ನೀರು ಹಾಕ್ಕೊಂಡು ಕೂತಿದಾಳೆ ಅನ್ನುವವರು. ಅವರ ಪಾಪಕ್ಕಿಷ್ಟು ಬೆಂಕಿ ಬೀಳ.

ಚಾಕು ಇಳಿಯಿತು. ಕಾಂಡವನ್ನು ಎರಡಾಗಿ ಸೀಳಿದಳು, ಆಮೇಲೆ ನಾಲ್ಕಾಗಿ. ಈ ಕೆಲಸದಲ್ಲಿ ಮಾತ್ರ ಅವಳ ಸಿಟ್ಟು ಕೈಗೆ ಇಳಿಯುವುದಿಲ್ಲ. ಕಣ್ಣಿದ್ದದ್ದು ಎಡಕ್ಕೆ, ಇಲ್ಲದ್ದು ಬಲಕ್ಕೆ, ಬಲಗಡೆಯದು ಗೊಬ್ಬರದ ಗುಂಡಿಗೆ. ಬಲಕ್ಕೆ ಬಿದ್ದದ್ದರಲ್ಲಿ ಒಂದು ಬಹಳ ಚೆಂದದ್ದಿತ್ತು. ಅಂಗೈ ತುಂಬುವ ಗೆಡ್ಡೆ, ಒಂದು ಗೀರಿಲ್ಲ, ಒಂದು ಸುಕ್ಕಿಲ್ಲ. ಮದುವೆಗೆ ಹೋಗುವವರ ಹಾಗೆ ಸಿಂಗರಿಸಿಕೊಂಡದ್ದು. ಅದನ್ನು ಎತ್ತಿ ಹಿಡಿದು ನೋಡಿದಳು, ಮತ್ತೆ ಕೆಳಗಿಡಲಿಲ್ಲ. ಇದನ್ನು ಕೊಟ್ಟರೆ? ಆ ಮೈಕಿಗೆ ಏನು ಗೊತ್ತಾಗುತ್ತದೆ? ಮನೆಗೆ ಹೋಗುತ್ತಲೇ ಕುಂಡಕ್ಕೆ ಹಾಕುತ್ತಾರೆ, ಅವನು ಕುರ್ಚಿಯನ್ನು ಅದರ ಮುಂದೆ ಎಳೆಸಿಕೊಂಡು ಕೂರುತ್ತಾನೆ. ಒಂದು ವಾರ, ಎರಡು ವಾರ. ಇನ್ನೂ ಬಿಸಿಲು ಸಾಲದು ಎನ್ನುತ್ತಾನೆ. ನೀರು ಹೆಚ್ಚಾಯಿತು ಎಂದು ಆ ಮೈಕನ್ನು ಬೈಯುತ್ತಾನೆ, ಬೈಯಲಿ. ಒಂದು ದಿನ ತಾಳಲಾರದೆ ಎಡಗೈಯಲ್ಲಿ ಮಣ್ಣು ಕೆದಕುತ್ತಾನೆ. ಗೆಡ್ಡೆ ಗಟ್ಟಿಯಾಗಿಯೇ ಇದೆ, ಬೇರೂ ಬಿಟ್ಟಿದೆ. ಮತ್ತೆ ಮುಚ್ಚುತ್ತಾನೆ, ಮತ್ತೆ ಕಾಯುತ್ತಾನೆ. ಕೊರಳನ್ನು ಅಷ್ಟು ಹತ್ತಿರದಿಂದ ನೋಡಲು ಅವನ ಕಣ್ಣಿಗೆ ಈಗ ಆಗುವುದಿಲ್ಲವೆಂದು ಮಗಳೇ ಹೇಳಿದ್ದಳು. ಕೊನೆಗೆ ತನ್ನ ಕೈಗುಣವೇ ಹೋಯಿತು ಎಂದುಕೊಳ್ಳುತ್ತಾನೆ. ಯಾರನ್ನು ಕೇಳುತ್ತಾನೆ? ಬಾಯಿಬಿಟ್ಟು ಬೈಯಲು ಒಬ್ಬರೂ ಸಿಗುವುದಿಲ್ಲ. ಯೋಚಿಸುತ್ತ ಯೋಚಿಸುತ್ತ ಅವಳ ಬಾಯಲ್ಲಿ ನೀರೂರಿತು, ನಿಜವಾಗಿಯೂ ಊರಿತು, ಹುಣಸೆಕಾಯಿ ಕಂಡ ಬಸುರಿಯ ಹಾಗೆ. ಗೆಡ್ಡೆಯನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ದಾರ ಕಟ್ಟಿ ಕಟ್ಟೆಯ ತುದಿಗಿಟ್ಟಳು. ಇಟ್ಟ ಮೇಲೆ ಕೈ ತೊಳೆಯಬೇಕೆನ್ನಿಸಿತು. ತೊಳೆದಳು. ಮತ್ತೆ ಬಂದು ನೋಡಿದರೆ ಪೊಟ್ಟಣ ಅಲ್ಲೇ ಇತ್ತು, ಅದರ ಮೇಲೊಂದು ಇರುವೆ ಓಡಾಡುತ್ತಿತ್ತು. ಬೆಳಿಗ್ಗೆ ಇಸ್ತ್ರಿಯವನ ಮುಖ ಇಳಿದುಹೋದದ್ದು ಯಾಕೋ ಈಗ ಕಣ್ಣಮುಂದೆ ಬಂತು. ಆ ಚೆಕಿಂಗಿನವನು ಬಿಟ್ಟುಹೋಗುವಾಗ ಯಾರ ಮುಖ ನೆನೆಸಿಕೊಂಡಿದ್ದ ಎಂದು ತನಗೆ ತಾನೇ ಜೋರಾಗಿ ಕೇಳಿಕೊಂಡಳು.

ಗೇಟಿನ ಚಿಲಕ ಸದ್ದಾಯಿತು. ಮೈಕನ್ನು ಅವಳು ಹತ್ತಿರದಿಂದ ನೋಡಿದ್ದು ಮಗಳ ಮದುವೆಯಲ್ಲೊಮ್ಮೆ, ಅದೂ ಕಂಬದ ಮರೆಯಿಂದ; ಆಗ ತುಂಬಿಕೊಂಡ ಮೈ, ಹೊಳೆಯುವ ಮುಖ. ಈಗ ಬಂದು ನಿಂತವಳು ಕೋಲಿನ ಹಾಗಿದ್ದಳು. ರವಿಕೆಯ ತೋಳು ಸಡಿಲವಾಗಿ, ಹೊಲಿಗೆಯನ್ನು ಒಳಗೆ ಹಿಡಿದ ಗುರುತು ಕಾಣುತ್ತಿತ್ತು, ಹಿಡಿದದ್ದೂ ಸೊಟ್ಟಗೆ. ಹಗಲು ರಾತ್ರಿ ರೋಗಿಯ ಪಕ್ಕ ಕೂರುವವರ ಮುಖ ಹೇಗಿರುತ್ತದೆಂದು ಆಸ್ಪತ್ರೆಯವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. "ಅಕ್ಕಾ, ಬರಬಹುದಾ?" ಎಂದಳು. ಆ ದನಿ ಮಾತ್ರ ಒಂದಿಷ್ಟೂ ಸವೆದಿರಲಿಲ್ಲ. ಅಕ್ಕನಂತೆ! "ಬಂದಾಯ್ತಲ್ಲ, ಇನ್ನೇನು ಕೇಳೋದು" ಎಂದು ಹಿತ್ತಲಿಗೆ ನಡೆದಳು. ನೀರು ಬೇಕೇ ಎಂದು ಕೇಳಲಿಲ್ಲ. ಕೇಳಲಿಲ್ಲವಲ್ಲ ಎನ್ನುವುದೇ ಚುಚ್ಚತೊಡಗಿ, ಸಿಟ್ಟಿನಿಂದಲೇ ಒಳಗೆ ಹೋಗಿ ಒಂದು ಲೋಟ ತಂದು ಟಕ್ಕೆಂದು ಕಟ್ಟೆಯ ಮೇಲಿಟ್ಟಳು. ಬಂದವಳು ಗಟಗಟ ಕುಡಿದು ಲೋಟವನ್ನು ತಾನೇ ನಲ್ಲಿಯ ಕೆಳಗೆ ತೊಳೆದು ಬೋರಲು ಹಾಕಿದಳು.

"ತೊಂದರೆ ಕೊಟ್ಟೆ ನಿಮಗೆ" ಎಂದಳು.

"ಗೆಡ್ಡೆ ತಾನೆ? ಕಟ್ಟಿಟ್ಟಿದೀನಿ." ಪೊಟ್ಟಣವನ್ನು ಎತ್ತಿ ಮುಂದೆ ಚಾಚಿದಳು.

ಮೈಕು ಎರಡೂ ಕೈ ಚಾಚಿದಳು. ಪೊಟ್ಟಣ ಕೈಯಿಂದ ಕೈಗೆ ಹೋಗಬೇಕಾದ ಆ ಗಳಿಗೆಯಲ್ಲಿ ಅವಳ ಬೆರಳು ಬಿಡಲಿಲ್ಲ. ಕರುಣೆ ಏನಲ್ಲ. ಯಾರ ಮೇಲೂ ಅವಳಿಗೆ ಕರುಣೆ ಹುಟ್ಟಿರಲಿಲ್ಲ. ತನ್ನ ಹಿತ್ತಲಿನಿಂದ ಇದುವರೆಗೆ ಹೋದ ಒಂದು ಗೆಡ್ಡೆಯೂ ಸುಳ್ಳಾಗಿರಲಿಲ್ಲ, ಅಷ್ಟೇ, ಕೈಯೇ ಒಪ್ಪಲಿಲ್ಲ. ಅವನಿಗೋಸ್ಕರ ನನ್ನ ಕೈಯನ್ನು ನಾನು ಯಾಕೆ ಹಾಳುಮಾಡಿಕೊಳ್ಳಲಿ? "ತಡಿ. ಇದು ಬೇಡ" ಎಂದು ಪೊಟ್ಟಣವನ್ನು ಹಿಂದಕ್ಕೆ ಎಳೆದು, ದಾರ ಹರಿದು, ಗೆಡ್ಡೆಯನ್ನು ಬಲಗಡೆಯ ರಾಶಿಗೆ ಎಸೆದಳು. ಎಡಗಡೆಯದರಲ್ಲಿ ಎಲ್ಲಕ್ಕಿಂತ ಒಳ್ಳೆಯದನ್ನು ಹುಡುಕಿದಳು, ಗಾತ್ರ ಸಣ್ಣದು, ಆದರೆ ಕೊರಳಿನ ಮೇಲೆ ಮೂರು ಕಣ್ಣು, ಒಂದು ಆಗಲೇ ಕೆಂಪಗೆ ತುಟಿ ಬಿಟ್ಟಿತ್ತು. ಕತ್ತರಿಸಿದ ಜಾಗ ಕೊಳೆಯದಿರಲೆಂದು ಗಂಧಕದ ಪುಡಿ ಒತ್ತಿದಳು. "ಎರಡು ದಿನ ನೆರಳಲ್ಲಿ ಒಣಗಲಿ. ಮೊದಲು ಗೂಟ ನೆಡು, ಆಮೇಲೆ ಪಕ್ಕದಲ್ಲಿ ಇದನ್ನ ಅಡ್ಡ ಮಲಗಿಸು. ಚಿಗುರು ಮೇಲೆ ಬರೋವರೆಗೂ ನೀರು ಮುಟ್ಟಿಸಬೇಡ" ಎಂದಳು. ಹೇಳುತ್ತ ಹೇಳುತ್ತ ತನ್ನ ದೊಡ್ಡತನ ತನಗೇ ಇಷ್ಟವಾಗತೊಡಗಿತು. ಇರಲಿ, ಕೊಟ್ಟುಬಿಡುತ್ತೇನೆ. ನೋಡಲಿ ಅವನು. ಒಂದೊಂದು ಎಸಳು ಬಿಚ್ಚಿದಾಗಲೂ ಯಾರ ಕೈಯದು ಎಂದು ಗೊತ್ತಾಗಲಿ. ಕಣ್ಣು ಒದ್ದೆಯಾಗುವಂತಿತ್ತು, ಅಷ್ಟರಲ್ಲಿ ಮೈಕು, "ಇದು ಬೇಡ ಅಕ್ಕ" ಎಂದಳು.

"ಏನು?"

ಮೈಕು ಬಗ್ಗಿ, ಬಲಗಡೆಯ ರಾಶಿಯಿಂದ ಈಗಷ್ಟೇ ಬಿದ್ದ ಆ ದಪ್ಪ ಗೆಡ್ಡೆಯನ್ನು ಎತ್ತಿಕೊಂಡಳು. ತಿರುಗಿಸಿದಳು, ಕೊರಳನ್ನು ಹೆಬ್ಬೆರಳಿನಿಂದ ಸವರಿ ನೋಡಿದಳು. "ನನಗೆ ಇದನ್ನೇ ಕೊಡಿ."

"ಅದರಲ್ಲಿ ಮೊಳಕೆ ಬರಲ್ಲ."

"ಗೊತ್ತು. ನನಗೂ ಹೇಳ್ಕೊಟ್ಟಿದಾರೆ, ಹೇಳ್ಕೊಡೋದೇನು, ಹಂಗಿಸಿ ಹಂಗಿಸೇ ಕಲಿಸಿದಾರೆ." ದನಿ ಏರಲಿಲ್ಲ, ಬಸ್ಸು ತಡವಾಗಿದೆಯೆಂದು ತಿಳಿಸುವ ಹಾಗೇ ಇತ್ತು. "ಕೈ ಬಿದ್ದು ಹೋಯ್ತು ಅಕ್ಕ, ನಾಲಿಗೆ ಬೀಳಲಿಲ್ಲ. ತೊಳೆಯೋದು, ತಿನ್ನಿಸೋದು, ಹೊರಳಿಸೋದು, ಎಲ್ಲಾ ನಾನೇ. ಅನ್ನ ಬಾಯಿಗಿಟ್ರೆ, ಅವಳಾಗಿದ್ರೆ ಇಷ್ಟು ಬಿಸಿ ಕೊಡ್ತಿರಲಿಲ್ಲ ಅಂತಾರೆ, ನಿಮ್ಮನ್ನ. ದಿಂಬು ಸರಿ ಮಾಡಿದ್ರೆ, ಅವಳ ಹೊಲಿಗೆ ನೋಡ್ಬೇಕಿತ್ತು. ಬಾಲ್ಕನಿ ತುಂಬ ಕುಂಡ ಇಟ್ಟು ವರ್ಷಾನುಗಟ್ಟಲೆ ಡೇಲಿಯಾ ಬೆಳೆಸಿದೆ ನಾನೂ. ಬಂದೋರ ಮುಂದೆಲ್ಲ ನಗಾಡ್ತಾರೆ, ಇವಳ ಹೂವು ನೋಡಿ, ಅಂಗಿ ಗುಂಡಿ ಹಾಗಿದೆ, ನನ್ನ ಮೊದಲನೆಯವಳ ಕೈ ಅಂದ್ರೆ ಕೈ ಅಂತ."

ಒಂದು ಕ್ಷಣ, ಒಂದೇ ಕ್ಷಣ, ಅವಳ ಎದೆಯೊಳಗೆ ಏನೋ ಹಾಲುಕ್ಕಿದ ಹಾಗಾಯಿತು. ಅವನು ಹಾಗಂದನೇ? ನನ್ನ ಕೈಯನ್ನೇ? ಮರುಕ್ಷಣ ನೆನಪಾಯಿತು: ಈ ಕಟ್ಟೆಯ ಮೇಲೆ ಕೂತು ಅವನು ತನಗೆ ಹೇಳುತ್ತಿದ್ದುದು, ನಮ್ಮಮ್ಮ ಆಗಿದ್ದರೆ, ನಮ್ಮಮ್ಮನ ಕೈ ಅಂದರೆ ಕೈ. ಆ ಮುದುಕಿಗೆ ಇನ್ಯಾರನ್ನು ಹೇಳಿ ಸುಟ್ಟಿದ್ದನೋ. ಹೊಗಳಿಕೆಯೆಲ್ಲ ಮನೆಯಲ್ಲಿ ಇಲ್ಲದವರಿಗೆ, ಇದ್ದವರಿಗೆ ಗೂಟದ ಕತೆ.

"ಕುಂಡದ ಮುಂದೆ ಕೂತಿರ್ಲಿ" ಎಂದಳು ಮೈಕು, ಗೆಡ್ಡೆಯನ್ನು ಅದೇ ಪತ್ರಿಕೆಯಲ್ಲಿ ಸುತ್ತುತ್ತ. "ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ನೋಡ್ಲಿ. ಮಣ್ಣು ಕೆದಕಿ ನೋಡ್ಲಿ, ಗಟ್ಟಿಯಾಗೇ ಇರುತ್ತಲ್ಲ. ಕೊನೆಗೆ ತನ್ನ ಕೈಗುಣಾನೇ ಹೋಯ್ತು ಅಂದ್ಕೊಳ್ಲಿ. ನಾನೇನೂ ಹೇಳಲ್ಲ. ನೀವೂ ಹೇಳ್ಬೇಡಿ." ಪೊಟ್ಟಣವನ್ನು ಚೀಲಕ್ಕೆ ಹಾಕಿ, ಸೆರಗಿನಿಂದ ಮುಖ ಒರೆಸಿಕೊಂಡು, ಕಟ್ಟೆಯ ಮೇಲೆ ಉಳಿದ ಮೂರು ಕಣ್ಣಿನ ಗೆಡ್ಡೆಯ ಕಡೆ ನೋಡಿದಳು. "ಅದು ನಿಮ್ಮ ಹತ್ರಾನೇ ಇರ್ಲಿ ಅಕ್ಕ. ಒಳ್ಳೇದು ಅದು." ಚಪ್ಪಲಿ ಮೆಟ್ಟಿಕೊಂಡು ನಡೆದಳು.

ಅವಳು ಕಟ್ಟೆಯ ಪಕ್ಕ ನಿಂತೇ ಇದ್ದಳು. ಮಾತು ಮಾತಿಗೂ ತಾನು ಯೋಚಿಸಿದ್ದೇ. ಕೆದಕುವುದು, ಗಟ್ಟಿಯಾಗಿರುವುದು, ಕೈಗುಣ ಹೋಯಿತೆನ್ನುವುದು, ಒಂದೂ ಬಿಡದೆ. ಹೊರಗೆ ಹೇಳದೆ, ಮಗಳಿಗೂ ತೋರಿಸದೆ, ಇಷ್ಟು ವರ್ಷ ಒಬ್ಬಳೇ ಹೊತ್ತು ತಿರುಗಿದ್ದು, ಇದು ನನ್ನದು, ಇದೊಂದಾದರೂ ಪೂರ್ತಿ ನನ್ನದು ಎಂದುಕೊಂಡಿದ್ದದ್ದು ಆ ಹೆಂಗಸಿನ ಚೀಲದಲ್ಲೂ ಇತ್ತು. ಇವತ್ತು ನಿನ್ನೆಯದಲ್ಲ, ದಿನಾ ತೊಳೆದು ತಿನ್ನಿಸಿ ಬೆಳೆಸಿದ್ದು, ಬಹುಶಃ ತನ್ನದಕ್ಕಿಂತ ಬಲವಾದದ್ದು. ಗಂಡನನ್ನು ತೆಗೆದುಕೊಂಡಳು, ಮಗಳ ಬಾಯಲ್ಲಿ ಚಿಕ್ಕಮ್ಮ ಎನ್ನಿಸಿಕೊಂಡಳು, ಈಗ ಇದಕ್ಕೂ ಕೈಹಾಕಿದಳು. ಕೊಡುತ್ತೇನೆಂದರೆ ಒಳ್ಳೆಯದನ್ನು ಬೇಡವೆಂದು ಬಿಟ್ಟುಹೋದಳು. ಅವನಿಗೆ ಒಳ್ಳೆಯದನ್ನು ಕೊಡದೆ ಇರುವುದಕ್ಕೂ ಈಗ ತಾನು ಒಬ್ಬಳೇ ಅಲ್ಲ. ಗೇಟಿನವರೆಗೆ ಓಡಿದಳು, ಕಾಲಿಗೆ ಚಪ್ಪಲಿಯಿಲ್ಲ, ಕೈಯೆಲ್ಲ ಗಂಧಕದ ಹಳದಿ. ಮೈಕು ಬೀದಿಯ ಅರ್ಧ ದಾಟಿದ್ದಳು.

"ಏಯ್, ನಿಲ್ಲೇ!"

ಎದುರುಮನೆಯ ಕಿಟಕಿ ತೆರೆಯಿತು. ಸೈಕಲ್ಲಿನವನೊಬ್ಬ ಕಾಲು ಊರಿ ನಿಂತ. ಅವಳ ಬಾಯಿಂದ ಅಷ್ಟು ದೊಡ್ಡ ದನಿ ಬರುತ್ತದೆಂದು ಆ ಬೀದಿಗೆ ಗೊತ್ತಿರಲಿಲ್ಲ.

"ಅವನ ಮೇಲೆ ಸಿಟ್ಟು ಮಾಡ್ಕೊಳ್ಳೋಕೆ ನೀನು ಯಾರೇ?"

ಮೈಕು ನಿಂತಳು. ತಿರುಗಿ ನೋಡಲಿಲ್ಲ. ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡು ಮುಂದಕ್ಕೆ ನಡೆದಳು.